ಕುಡಿತದ ಗುರುತು ಹುಡುಕಿದ ರಕ್ತಪರೀಕ್ಷೆಗಳು

"ಎಷ್ಟು ಕುಡೀತೀರಿ?" ಎಂದು ಡಾಕ್ಟರು ಕೇಳಿದರೆ "ಅಪರೂಪಕ್ಕೆ ಸ್ವಲ್ಪ" ಎಂಬ ಉತ್ತರವೇ ಹೆಚ್ಚು. ನಾಚಿಕೆ, ಪಕ್ಕದಲ್ಲಿ ಕೂತ ಮನೆಯವರ ಅಂಜಿಕೆ, ಎರಡೂ ಬಾಯಿ ಕಟ್ಟುತ್ತವೆ. ಹಾಗಾದರೆ ರಕ್ತದಿಂದಲೇ ತಿಳಿಯಬಹುದೇ? ಈ ಹುಡುಕಾಟದ ದೊಡ್ಡ ಪಾಲು ನಡೆದದ್ದು ಸ್ವೀಡನ್ನಿನಲ್ಲಿ.

ಅಲ್ಲಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಿಡ್ಮಾರ್ಕ್, ಕೆಲವೇ ಹನಿ ರಕ್ತದಲ್ಲಿ ಮದ್ಯಸಾರವನ್ನು ಅಳೆಯುವ ವಿಧಾನವನ್ನು 1922ರಲ್ಲಿ ಪ್ರಕಟಿಸಿದರು. ಕುಡಿದು ವಾಹನ ಓಡಿಸುವವರನ್ನು ಹಿಡಿಯಲು ಅದು ಸಾಕಾಯಿತು. ಆದರೆ ಮದ್ಯಸಾರ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ; ವರ್ಷಗಟ್ಟಲೆಯ ಚಟ ಅದರಲ್ಲಿ ಕಾಣುವುದಿಲ್ಲ.

1970ರ ದಶಕದಲ್ಲಿ ಜಿಜಿಟಿ ಎಂಬ ಕಿಣ್ವದತ್ತ ಗಮನ ಹರಿಯಿತು. ನಮ್ಮೂರಿನ ಲ್ಯಾಬ್‌ಗಳ ಲಿವರ್ ರಿಪೋರ್ಟಿನಲ್ಲೂ ಈ ಹೆಸರು ಇರುತ್ತದೆ. ಬಹುಕಾಲ ಕುಡಿದವರಲ್ಲಿ ಅದು ಏರುತ್ತದೆ, ನಿಜ. ಆದರೆ ಲಿವರಿನಲ್ಲಿ ಕೊಬ್ಬು ಸೇರಿದವರಲ್ಲೂ, ಮೂರ್ಛೆರೋಗಕ್ಕೆ ಫೆನಿಟಾಯಿನ್ ಮಾತ್ರೆ ನುಂಗುವವರಲ್ಲೂ ಏರುತ್ತದೆ. ಹನಿ ಮುಟ್ಟದವರನ್ನು ಒಂದು ಅಂಕಿ ನೋಡಿ ಕುಡುಕರೆಂದು ಶಂಕಿಸುವುದು ದೊಡ್ಡ ಅನ್ಯಾಯ. ಅದೇ ದಶಕದಲ್ಲಿ ಸ್ವೀಡನ್ನಿನ ಹೆಲೆನಾ ಸ್ಟಿಬ್ಲರ್ ಮತ್ತು ಸಂಗಡಿಗರು, ಕಬ್ಬಿಣಾಂಶ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನು ಅತಿಯಾಗಿ ಕುಡಿಯುವವರಲ್ಲಿ ತನ್ನ ಸಕ್ಕರೆಯ ಕವಲುಗಳನ್ನು ಕಳೆದುಕೊಳ್ಳುವುದನ್ನು ಗುರುತಿಸಿದರು. ಸಿಡಿಟಿ ಪರೀಕ್ಷೆ ಹುಟ್ಟಿದ್ದು ಹೀಗೆ. ಲಿವರಿನ ಬೇರೆ ಕಾಯಿಲೆಗಳಿಂದ ಅಷ್ಟು ಸುಲಭವಾಗಿ ದಾರಿ ತಪ್ಪದಿರುವುದು ಅದರ ಹಿರಿಮೆ.

ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ತಿರುವು 1983ರದು. ಸ್ವೀಡನ್ನಿನವರೇ ಆದ ಕ್ರಿಸ್ಟರ್ ಆಲಿಂಗ್ ಮತ್ತು ಜೊತೆಗಾರರಿಗೆ, ಮದ್ಯಸಾರ ಕೊಟ್ಟ ಇಲಿಗಳ ಅಂಗಗಳಲ್ಲಿ ವಿಚಿತ್ರವಾದ ಕೊಬ್ಬೊಂದು ಸಿಕ್ಕಿತು. ಅದು ಫಾಸ್ಫಟಿಡಿಲ್ ಎಥನಾಲ್, ಚಿಕ್ಕದಾಗಿ ಪೆಥ್. ಜೀವಕೋಶದ ಪೊರೆಯ ಕೊಬ್ಬನ್ನು ಒಡೆಯುವ ಕಿಣ್ವವೊಂದು ಮಾಮೂಲಿಯಾಗಿ ನೀರನ್ನು ಬಳಸುತ್ತದೆ. ಮದ್ಯಸಾರ ಸಿಕ್ಕರೆ ಅದನ್ನೇ ಹಿಡಿದು ಕೊಬ್ಬಿಗೆ ಜೋಡಿಸಿಬಿಡುತ್ತದೆ. ಮದ್ಯಸಾರವಿಲ್ಲದೆ ಪೆಥ್ ಹುಟ್ಟುವುದೇ ಇಲ್ಲ. ಕೆಂಪು ರಕ್ತಕಣಗಳು ಅದನ್ನು ಬೇಗ ಕರಗಿಸಲಾರವು. ಹಾಗಾಗಿ ವಾರಗಟ್ಟಲೆ ಉಳಿಯುತ್ತದೆ. ಬಾಸೆಲ್‌ನಲ್ಲಿ 2022ರಲ್ಲಿ ತಜ್ಞರು ಒಪ್ಪಿದ ಪ್ರಕಾರ, ಒಂದು ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕುಡಿದಿಲ್ಲ ಅಥವಾ ತೀರ ಕಡಿಮೆ. 200 ಮೀರಿದರೆ ಅತಿಯಾದ ಕುಡಿತ. ಇಲ್ಲೂ ಎಚ್ಚರ ಬೇಕು: ಕುಡಿದವರ ರಕ್ತವನ್ನು ಇನ್ನೊಬ್ಬರಿಗೆ ಏರಿಸಿದರೆ ಪೆಥ್ ಅವರಲ್ಲೂ ಕಂಡೀತು.

ಅಂಕಿ ಹೇಳುವುದು ಕುಡಿದದ್ದನ್ನು. ಕಾಯಿಲೆ ಬೇರೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಮದ್ಯವ್ಯಸನಕ್ಕೆ 11 ಲಕ್ಷಣ ಕೊಡುತ್ತದೆ: ಬಿಡಬೇಕೆಂದರೂ ಬಿಡಲಾಗದಿರುವುದು, ಕುಡಿಯದಿದ್ದರೆ ನಡುಕ, ಕೆಲಸ ಸಂಸಾರ ಕೆಡುವುದು, ಹೀಗೆ. ಅವುಗಳಲ್ಲಿ ಒಂದೂ ರಕ್ತಪರೀಕ್ಷೆಯಲ್ಲ. ಕುಡಿಯುವವರನ್ನೇ ಕೂರಿಸಿಕೊಂಡು, ಬೈಯದೆ ಕೇಳಿ ತಿಳಿಯಬೇಕಾದವು.