ಹಾರೆ ಹಿಡಿದವನಿಗೂ ನಕಾಶೆ ಕಾಣಲಿ

(ಬೈಲಹೊಂಗಲದಲ್ಲಿ ನಡೆದ ನಾಲ್ಕು ತಾಲ್ಲೂಕುಗಳ ತಳಮಟ್ಟದ ನೌಕರರ ಸಮಾವೇಶದ ಅಧ್ಯಕ್ಷ ಭಾಷಣ)

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬಂದ ಗ್ರಾಮ ಸಹಾಯಕರೇ, ನೀರುಗಂಟಿಗಳೇ, ಲೈನ್‌ಮನ್ ಬಂಧುಗಳೇ, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಅಕ್ಕ-ತಂಗಿಯರೇ, ರಾಣಿ ಚೆನ್ನಮ್ಮನ ಸಮಾಧಿ ಇರುವ ಊರಲ್ಲಿ ಈ ಪೀಠ ಕೊಟ್ಟಿದ್ದೀರಿ, ಋಣಿ. ಹಿಂದಿನ ಅಧ್ಯಕ್ಷರು ವೇತನಕ್ಕಾಗಿ, ಸೇವಾ ಭದ್ರತೆಗಾಗಿ ದುಡಿದರು. ಅವರಿಗೆ ನಮಸ್ಕಾರ. ಆ ಬೇಡಿಕೆಗಳು ಗೊತ್ತುವಳಿಗಳಲ್ಲಿ ಬರುತ್ತವೆ. ನಾನು ಒಂದೇ ವಿಷಯ ಹಿಡಿದು ಮಾತಾಡುತ್ತೇನೆ. ಇಲಾಖೆಗಳ ಕಂಪ್ಯೂಟರಿನಲ್ಲಿರುವ ನಕಾಶೆಗಳು ಲಾಗಿನ್ ಇಲ್ಲದ ನಮಗೆ ಕಾಣುತ್ತಿಲ್ಲ.

ನೀರಿನ ಪೈಪು ಯಾವ ಓಣಿಯ ಕೆಳಗೆ ಹೋಗಿದೆ, ವಾಲ್ವ್ ಎಲ್ಲಿ ಹೂತಿದೆ, ಯಾವ ವಿದ್ಯುತ್ ಟ್ರಾನ್ಸ್‌ಫಾರ್ಮರಿಗೆ ಎಲ್ಲಿಂದ ಲೈನ್ ಬಂದಿದೆ, ಹೊಳೆ ಏರಿದರೆ ಯಾವ ಕೇರಿಗೆ ಮೊದಲು ನೀರು ನುಗ್ಗುತ್ತದೆ, ಇಂಥವನ್ನೆಲ್ಲ ನಕಾಶೆಗೆ ಏರಿಸುವ ಕೆಲಸ ನಡೆದಿದೆ. ಮಾಹಿತಿ ಕೊಟ್ಟವರು ಯಾರು? ವಾಲ್ವ್ ತೋರಿಸಿದವರು ನೀರುಗಂಟಿಗಳು, ಗಡಿಕಲ್ಲು ತೋರಿಸಿದವರು ಗ್ರಾಮ ಸಹಾಯಕರು, ರಾತ್ರಿ ಕೂತು ಟೈಪು ಮಾಡಿದವರು ಆಪರೇಟರ್ ತಂಗಿಯರು. ಕೆಲಸ ಮುಗಿದ ಮರುದಿನ ಅದೇ ನಕಾಶೆ ಕೀಲಿಯೊಳಗೆ ಹೋಯಿತು. ನೋಡಬೇಕಾದರೆ ಖಾತೆ ಬೇಕು, ಖಾತೆಗೆ ಕಾಯಂ ನೌಕರಿ ಬೇಕು. ಹೆಸರಿಗೊಂದು ಖಾತೆ ಕೊಟ್ಟರೆ ತಂತ್ರಾಂಶದ ಲೈಸೆನ್ಸ್ ಖರ್ಚು ಏರುತ್ತದೆ, ಹೊರಗುತ್ತಿಗೆಯವರು ಬಂದು ಹೋಗುತ್ತಿರುತ್ತಾರೆ ಎಂಬ ಉತ್ತರ ಸಿಗುತ್ತದೆ. ಹೀಗಾಗಿ ಅಗೆಯುವವನು ಅಂದಾಜಿನ ಮೇಲೆ ಅಗೆಯುತ್ತಾನೆ, ಪೈಪು ಒಡೆಯುತ್ತದೆ, ನೋಟಿಸೂ ಅವನಿಗೇ ಬರುತ್ತದೆ.

2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಲಪ್ರಭೆಯ ನವಿಲುತೀರ್ಥದ ಜಲಾಶಯ ತುಂಬಿತು. ಹೊಳೆಗೆ ಬಿಟ್ಟ ನೀರು ಮುನವಳ್ಳಿಗೆ ನುಗ್ಗಿತು, ರಾಮದುರ್ಗಕ್ಕೆ ನುಗ್ಗಿತು. ಅಂಥ ರಾತ್ರಿ ಮನೆಮನೆ ಬಾಗಿಲು ಬಡಿದು ಜನರನ್ನು ಎಬ್ಬಿಸುವವನು ಗ್ರಾಮ ಸಹಾಯಕ. ಯಾವ ಮನೆ ತಗ್ಗಿನಲ್ಲಿದೆ, ಯಾವ ದಾರಿ ಮೊದಲು ಮುಳುಗುತ್ತದೆ ಎಂಬ ನಕಾಶೆ ಅವನ ಕೈಯಲ್ಲಿ ಇರದಿದ್ದರೆ ಇನ್ನಾರ ಕೈಯಲ್ಲಿ ಇದ್ದು ಏನು ಫಲ? ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ತಾಲ್ಲೂಕುಗಳ ಗಡಿ ದಾಟುತ್ತ ಕೂಡಲಸಂಗಮಕ್ಕೆ ಹೋಗುತ್ತದೆ. ಲಾಗಿನ್ ಮಾತ್ರ ತಾಲ್ಲೂಕಿನ ಗಡಿಗೆ ನಿಲ್ಲುತ್ತದೆ. ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಬೇರೆ ತಾಲ್ಲೂಕುಗಳಾದ ಮೇಲೆ ಈ ತೊಡಕು ಇನ್ನೂ ಬಿಗಿಯಾಗಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಯಲ್ಲಮ್ಮನ ಗುಡ್ಡಕ್ಕೆ ಬೇರೆ ಕಡೆಯಿಂದ ಡ್ಯೂಟಿಗೆ ಬರುವವರಿಗೆ ನೀರಿನ ಟ್ಯಾಂಕು, ದವಾಖಾನೆ, ಶೌಚಾಲಯ ಎಲ್ಲಿವೆ ಎಂದು ತೋರಿಸುವ ನಕಾಶೆ ಬೇಡವೇ?

ಖಾತೆ ಕೊಡದಿದ್ದರೆ ಏನಾಗುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಸಾಹೇಬರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾರೆ. ಒಂದು ಕಚೇರಿಯಲ್ಲಿ ಹಾಗೆ ಹಂಚಿದ ಪಾಸ್‌ವರ್ಡಿನಿಂದ ಯಾರೋ ಒಂದು ಗೆರೆ ಅಳಿಸಿದರು. ಕೆಲಸ ಹೋದದ್ದು ಹೊರಗುತ್ತಿಗೆಯ ಹುಡುಗಿಯದು. ತಪ್ಪು ಆಕೆಯದಲ್ಲ, ಖಾತೆ ಕೊಡದ ವ್ಯವಸ್ಥೆಯದು ಎಂದು ಸಭೆಯೊಂದರಲ್ಲಿ ನಾವು ವಾದಿಸಿದಾಗ ಒಬ್ಬ ಅಧಿಕಾರಿ, ‘ನಕಾಶೆ ತಗೊಂಡು ನೀರುಗಂಟಿ ಏನು ಮಾಡ್ತಾನ?’ ಎಂದು ಕೇಳಿದರು. ಆ ಸಭೆಯಲ್ಲಿ ನಮ್ಮ ಸಂಘಟನೆಯ ಕೆಲವರೂ ಸುಮ್ಮನೆ ಕುಳಿತರು. ಆ ಮಾತನ್ನೂ ಆ ಮೌನವನ್ನೂ ನಾನು ಮರೆತಿಲ್ಲ.

ಹಾಗೆಂದು ಎಲ್ಲವನ್ನೂ ಬಯಲಿಗೆ ಇಡಿ ಎಂದು ನಾನು ಕೇಳುವುದಿಲ್ಲ. ಲಿಂಕ್ ಇದ್ದವರಿಗೆಲ್ಲ ತೆರೆಯುವ ನಕಾಶೆ ಊರಿಗೆಲ್ಲ ತೆರೆದ ಹಾಗೆ. ಅದರಲ್ಲಿ ಫಲಾನುಭವಿಗಳ ಹೆಸರು, ಫೋನ್ ನಂಬರ್ ಇದ್ದರೆ ಅನಾಹುತ. ಪರದೆಯ ಮೇಲೆ ಒಂದು ಕಾಲಂ ಮರೆಮಾಡಿದರೆ ಸಾಲದು, ಹಿಂದಿನ ಸರ್ವರ್ ಕೇಳಿದವರಿಗೆ ಅದನ್ನು ಕೊಡುತ್ತಲೇ ಇರುತ್ತದೆ. ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ.

ಒಂದು: ತಿದ್ದುವ ನಕಾಶೆ ಬೇರೆ, ನೋಡುವ ನಕಾಶೆ ಬೇರೆ ಆಗಲಿ. ನೋಡುವ ಪ್ರತಿಯಲ್ಲಿ ಕೆಲಸಕ್ಕೆ ಬೇಕಾದ ಕಾಲಂ ಮಾತ್ರ ಇರಲಿ, ಖಾಸಗಿ ವಿವರಗಳನ್ನು ತೆಗೆದುಹಾಕಲಿ.

ಎರಡು: ಕಚೇರಿಯ ಕಂಪ್ಯೂಟರ್ ಜಾಲದೊಳಗೆ ಆ ಪ್ರತಿ ಪಾಸ್‌ವರ್ಡ್ ಇಲ್ಲದೆ ತೆರೆಯಲಿ. ನಕಾಶೆಯ ಕೀಲಿ ಸರ್ವರ್‌ನಲ್ಲೇ ಇರಲಿ, ನೌಕರನ ಕೈಗೆ ಬರುವುದು ಬೇಡ.

ಮೂರು: ಹೊರಗೆ ಓಡಾಡುವವರಿಗೆ ಮೊಬೈಲ್ ಒಟಿಪಿ ಸಾಕು. ನಂಬರುಗಳ ಪಟ್ಟಿ ತಾಲ್ಲೂಕು ಪಂಚಾಯಿತಿಯಲ್ಲಿರಲಿ. ಗುತ್ತಿಗೆ ಮುಗಿದ ದಿನ, ಜಾತ್ರೆ ಮುಗಿದ ದಿನ ಅನುಮತಿಯೂ ತಾನಾಗಿ ಮುಗಿಯಲಿ.

ನಾಲ್ಕು: ಪ್ರತಿ ವರ್ಷ ಜೂನ್ 1ರೊಳಗೆ ಹೊಳೆದಂಡೆಯ ಊರುಗಳ ನಕಾಶೆ ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಮೊಬೈಲಿಗೆ ಇಳಿದಿರಲಿ. ಕಾಗದದ ಪ್ರತಿ ಪಂಚಾಯಿತಿ ಗೋಡೆಯ ಮೇಲಿರಲಿ.

ಇದು ಆಗದ ಕೆಲಸವಲ್ಲ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ಹೊಲದಲ್ಲಿ ನಿಂತ ರೈತನಿಗೆ ಅವನ ಸರ್ವೆ ನಂಬರ್ ತೋರಿಸುತ್ತಿದೆ. ರೈತನಿಗೆ ಕೊಟ್ಟ ನಂಬಿಕೆಯನ್ನು ಆ ಹೊಲದ ಬದುವಿನ ಮೇಲೆ ದುಡಿಯುವ ನೌಕರನಿಗೂ ಕೊಡಿ. ಇನ್ನೊಂದು ಹೊಸ ಆ್ಯಪ್ ಮಾತ್ರ ಬೇಡ. ಆ್ಯಪ್‌ಗಳ ಹೊರೆ ತಾಳದೆ 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದದ್ದನ್ನು ಕಂಡಿದ್ದೇವೆ.

ನನಗೆ ಇನ್ನೂ ದೊಡ್ಡ ಆಸೆಯಿದೆ. ಎಲ್ಲ ಇಲಾಖೆಗಳ ಗೆರೆಗಳು ಒಂದೇ ನಕಾಶೆಯಲ್ಲಿ ಕೂಡಬೇಕು. ಊರವರು ಕರೆಯುವ ಹಳ್ಳ, ಕೆರೆ, ದಿನ್ನೆಗಳ ಹೆಸರು ಅದರಲ್ಲಿ ಕನ್ನಡದಲ್ಲೇ ಇರಬೇಕು. ತಪ್ಪಿದ್ದರೆ ನೀರುಗಂಟಿಯೇ ಗುರುತು ಹಾಕಿ ತಿಳಿಸುವಂತಾಗಬೇಕು. ನಮ್ಮ ಮಕ್ಕಳ ಶಾಲೆಯ ಗೋಡೆಗೂ ಅದು ಬರಬೇಕು.

ಅದು ಆಗುವಾಗ ಆಗಲಿ. ಮೊದಲ ನಾಲ್ಕು ಬೇಡಿಕೆಗಳಿಗೆ ಹೊಸ ಕಾನೂನು ಬೇಡ, ದೊಡ್ಡ ಬಜೆಟ್ಟೂ ಬೇಡ, ಒಂದು ಸುತ್ತೋಲೆ ಸಾಕು. ಅವನ್ನೇ ಈ ಸಮಾವೇಶದ ಮೊದಲ ಗೊತ್ತುವಳಿಯಾಗಿ ಮಂಡಿಸುತ್ತಿದ್ದೇನೆ. ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲು ಪ್ರತಿ ತಾಲ್ಲೂಕಿನಿಂದ ಇಬ್ಬರ ಹೆಸರು ಕೊಡಿ, ಅವರಲ್ಲಿ ಒಬ್ಬರಾದರೂ ಹೊರಗುತ್ತಿಗೆಯವರಾಗಿರಲಿ. ಲಿಖಿತ ಉತ್ತರ ಬರುವವರೆಗೆ ಈ ವಿಷಯವನ್ನು ನಾವು ಕೈಬಿಡುವುದಿಲ್ಲ. ಒಪ್ಪಿಗೆ ಇದ್ದವರು ಕೈ ಎತ್ತಿ.