ಆಡಿದ ಆಜ್ಞೆ, ಕೆತ್ತಿದ ಶಾಸನ



ನ್ಯೂಯಾರ್ಕ್-ನ್ಯೂಜೆರ್ಸಿ ಪ್ರದೇಶದಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ನಡುರಾತ್ರಿ ಅವರಿಗೆ ಕಛೇರಿಯಿಂದ ಕರೆ ಬಂದರೆ ಇಡೀ ಮನೆಗೇ ಎಚ್ಚರವಾಗುತ್ತದೆ. ಅಂಥ ಕರೆಗಳಿಗೆ ಕಾರಣವಾಗುವ ಒಂದು ಸಣ್ಣ ಸಂಗತಿಯನ್ನು ಈ ವೃತ್ತಿಯವರಿಗೂ ಅವರ ಮನೆಮಂದಿಗೂ ತಿಳಿಯುವಂತೆ ಇಂದು ನಿರೂಪಿಸಲು ಯತ್ನಿಸುತ್ತೇನೆ. ಆಜ್ಞೆಗಳ ಮೂಲಕ ಲಿನಕ್ಸ್ ಸರ್ವರಿನ ಶೇಖರಣಾ ವ್ಯವಸ್ಥೆಯಲ್ಲಿ ಮಾಡಿದ ಬದಲಾವಣೆ, ಯಂತ್ರ ಆರಿ ಮತ್ತೆ ಹೊತ್ತಿಕೊಂಡ ಮೇಲೂ ಉಳಿಯುವಂತೆ ಮಾಡುವುದು ಹೇಗೆ ಎಂಬುದೇ ಆ ಸಂಗತಿ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದು ಸರ್ವರಿನಲ್ಲಿರುವ ಡಿಸ್ಕನ್ನು ಇನ್ನೊಂದು ಸರ್ವರ್ ಜಾಲದ ಮೂಲಕ ತನ್ನದೇ ಡಿಸ್ಕ್ ಎಂಬಂತೆ ಬಳಸಬಹುದು. ಡಿಸ್ಕನ್ನು ಒದಗಿಸುವ ಪಕ್ಷಕ್ಕೆ ಟಾರ್ಗೆಟ್ ಎಂದೂ, ಬಳಸುವ ಪಕ್ಷಕ್ಕೆ ಇನಿಷಿಯೇಟರ್ ಎಂದೂ ಹೆಸರು. ಇವೆರಡೂ ಪರಸ್ಪರ ವ್ಯವಹರಿಸುವ ಐಸ್ಕಸಿ ಎಂಬ ನಿಯಮಾವಳಿ 2004ರಲ್ಲಿ ಪ್ರಕಟವಾಯಿತು. ಟಾರ್ಗೆಟ್ ಕೆಲಸವನ್ನು ನಿರ್ವಹಿಸುವ ಎಲ್‌ಐಓ ಎಂಬ ಭಾಗ 2011ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿತು. ಅದಕ್ಕೆ ಅಪ್ಪಣೆ ಕೊಡುವ ಸಾಧನವೇ ಟಾರ್ಗೆಟ್‌ಸಿಎಲ್‌ಐ.

ಇಲ್ಲಿನ ತೊಡಕಿನ ಬೇರು ನಮ್ಮ ನೆರೆಯಲ್ಲೇ ಇದೆ. ನ್ಯೂಜೆರ್ಸಿಯ ಮರೆ ಹಿಲ್‌ನಲ್ಲಿರುವ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಯಂತ್ರದ ನಾನಾ ಅಂಗಗಳನ್ನು ಕಡತಗಳಂತೆಯೇ ಕಾಣುವುದು ಅವರ ವಿಶಿಷ್ಟ ದೃಷ್ಟಿ. ಲಿನಕ್ಸ್ ಆ ದೃಷ್ಟಿಗೆ ವಾರಸುದಾರ. ಎಲ್‌ಐಓದ ಏರ್ಪಾಡುಗಳೂ ಕಡತ-ಕೋಶಗಳಂತೆಯೇ ನಮ್ಮ ಕಣ್ಣಿಗೆ ಬೀಳುತ್ತವೆ. ಆದರೆ ಆ ಕೋಶಗಳಿರುವುದು ಡಿಸ್ಕಿನಲ್ಲಲ್ಲ, ಕರ್ನೆಲ್ಲಿನ ತಾತ್ಕಾಲಿಕ ಸ್ಮೃತಿಯಲ್ಲಿ. ವಿದ್ಯುತ್ತು ಹೋದೊಡನೆ ಅವೂ ಮಾಯ.

ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವನ್ನು ನೆನೆಯೋಣ. ಸಾಮಾನ್ಯವಾಗಿ ಐದನೆಯ ಶತಮಾನದ್ದೆಂದು ಎಣಿಸಲಾಗುವ ಆ ಕಲ್ಲು ಒಂದು ದಾನವನ್ನು ದಾಖಲಿಸುತ್ತದೆ. ಒಡೆಯನು ಬಾಯಿಮಾತಿನಲ್ಲಿ ಕೊಟ್ಟ ದಾನವೂ ಅಂದಿಗೆ ದಾನವೇ. ಆದರೆ ಒಡೆಯನೂ ಸಾಕ್ಷಿಗಳೂ ಕಾಲವಾದ ಮೇಲೆ ಅದನ್ನು ಎತ್ತಿ ಹೇಳುವವರಾರು? ಟಾರ್ಗೆಟ್‌ಸಿಎಲ್‌ಐಗೆ ಕೊಟ್ಟ ಆಜ್ಞೆ ಬಾಯಿಮಾತು. ಅದನ್ನು ಶಾಸನವಾಗಿಸುವ ಆಜ್ಞೆಯ ಹೆಸರು ಸೇವ್‌ಕಾನ್ಫಿಗ್.

ಇದರಲ್ಲೊಂದು ಸೂಕ್ಷ್ಮವಿದೆ. ಟಾರ್ಗೆಟ್‌ಸಿಎಲ್‌ಐ ಒಳಹೊಕ್ಕು, ಕೆಲಸ ಮುಗಿಸಿ, ಎಕ್ಸಿಟ್ ಎಂದು ಹೊರಬಂದರೆ ಅದು ಸಾಮಾನ್ಯವಾಗಿ ತಾನಾಗಿಯೇ ಏರ್ಪಾಡನ್ನು ಬರೆದಿಡುತ್ತದೆ. ಆದರೆ ಒಳಹೋಗದೆ ಹೊರಗಿನಿಂದಲೇ ಒಂದೊಂದು ಸಾಲಿನ ಆಜ್ಞೆ ಕೊಟ್ಟರೆ, ಅಥವಾ ಸ್ಕ್ರಿಪ್ಟಿನಿಂದ ಕೊಡಿಸಿದರೆ, ಹೀಗೆ ತಾನಾಗಿ ಬರೆದಿಡುವ ಕೆಲಸ ನಡೆಯುವುದಿಲ್ಲ. ಕೊನೆಗೊಮ್ಮೆ ಸೇವ್‌ಕಾನ್ಫಿಗ್ ಆಜ್ಞೆಯನ್ನು ನಾವೇ ಕೊಡಬೇಕು. ಆಗ ರೆಡ್‌ಹ್ಯಾಟ್ ಬಗೆಯ ಲಿನಕ್ಸ್‌ಗಳಲ್ಲಿ ಇಟಿಸಿ ಕೋಶದೊಳಗಿನ ಟಾರ್ಗೆಟ್ ಕೋಶದಲ್ಲಿ ಸೇವ್‌ಕಾನ್ಫಿಗ್ ಡಾಟ್ ಜೇಸನ್ ಎಂಬ ಕಡತ ಸಿದ್ಧವಾಗುತ್ತದೆ.

ಕೆತ್ತಿದ ಮಾತ್ರಕ್ಕೆ ಶಾಸನ ಜಾರಿಗೆ ಬಾರದು. ಅದನ್ನು ಓದಿ ನಡೆಸುವ ಅಧಿಕಾರಿಯೂ ಬೇಕು. ಯಂತ್ರ ಎದ್ದೊಡನೆ ಈ ಕಡತವನ್ನು ಓದಿ ಏರ್ಪಾಡನ್ನು ಮರಳಿ ಸ್ಥಾಪಿಸುವುದು ಟಾರ್ಗೆಟ್ ಎಂಬ ಸೇವೆ. ಸಿಸ್ಟಮ್‌ಸಿಟಿಎಲ್ ಮೂಲಕ ಅದನ್ನು ಎನೇಬಲ್ ಮಾಡಿರಬೇಕು. ಡೆಬಿಯನ್ ಬಗೆಯ ಲಿನಕ್ಸ್‌ಗಳಲ್ಲಿ ಸೇವೆಯ ಹೆಸರೂ ಕಡತದ ತಾಣವೂ ಬೇರೆ, ತತ್ತ್ವ ಒಂದೇ. ಇನ್ನೊಂದು ಎಚ್ಚರಿಕೆ: ಎಸ್‌ಡಿಬಿ, ಎಸ್‌ಡಿಸಿ ಎಂಬ ಡಿಸ್ಕಿನ ಹೆಸರುಗಳು ಯಂತ್ರ ಮತ್ತೆ ಹೊತ್ತಿಕೊಂಡಾಗ ಅದಲುಬದಲಾಗಬಹುದು. ಆದುದರಿಂದ ಬದಲಾಗದ ಗುರುತಿನಿಂದಲೇ ಡಿಸ್ಕನ್ನು ಹೆಸರಿಸಬೇಕು. ಇಲ್ಲವಾದರೆ ಒಬ್ಬರ ಮನೆಯ ಬೀಗದ ಕೈಯನ್ನು ಮತ್ತೊಬ್ಬರಿಗೆ ಕೊಟ್ಟಂತಾದೀತು.

ಇಷ್ಟೆಲ್ಲ ಏಕೆ, ಸರ್ವರ್‌ಗಳು ಆರುವುದುಂಟೇ ಎಂದು ನೀವು ಕೇಳಬಹುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾಗಳಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದರು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಕೆಳ ಮ್ಯಾನ್‌ಹಟನ್ನಿನ ಡೇಟಾ ಸೆಂಟರುಗಳ ನೆಲಮಾಳಿಗೆಗಳಿಗೆ ಸಮುದ್ರದ ನೀರು ನುಗ್ಗಿತು. ಬ್ರಾಡ್ ಬೀದಿಯ ಒಂದು ಕಟ್ಟಡದಲ್ಲಿ ಜನರೇಟರ್ ನಿಲ್ಲದಿರಲೆಂದು ಜನರು ಡೀಸೆಲ್ಲನ್ನು ಬಕೆಟ್ಟುಗಳಲ್ಲಿ ತುಂಬಿ 17ನೆಯ ಮಹಡಿಯವರೆಗೆ ಮೆಟ್ಟಿಲು ಹತ್ತಿ ಹೊತ್ತರು. ಆರಿದ ಯಂತ್ರವನ್ನು ಎಬ್ಬಿಸುವುದು ಇಂಥ ಗಳಿಗೆಯಲ್ಲಿ. ಆಜ್ಞೆ ಕೊಟ್ಟವರು ಆಗ ರಜೆಯಲ್ಲಿ ಊರಿಗೆ ಹೋಗಿರಬಹುದು, ಕೆಲಸವನ್ನೇ ಬಿಟ್ಟಿರಬಹುದು. ಡಿಸ್ಕಿನಲ್ಲಿ ದತ್ತಾಂಶ ಕ್ಷೇಮವಾಗಿಯೇ ಇರುತ್ತದೆ. ಅದನ್ನು ತಲುಪುವ ದಾರಿ ಮಾತ್ರ ಇಲ್ಲವಾಗಿರುತ್ತದೆ. ಮನೆಯಿದೆ, ಬಾಗಿಲಿಲ್ಲ.

ಆ ಗಾಬರಿಯಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಏರ್ಪಾಡು ಮರಳಿ ಬರದೆ ಬರಿದಾಗಿರುವಾಗ ಟಾರ್ಗೆಟ್‌ಸಿಎಲ್‌ಐ ಒಳಹೊಕ್ಕು ಸುಮ್ಮನೆ ಹೊರಬಂದರೂ, ಆ ಬರಿದನ್ನೇ ಅದು ಹಳೆಯ ಶಾಸನದ ಮೇಲೆ ಬರೆದುಬಿಡಬಹುದು. ಅದೃಷ್ಟವಶಾತ್ ಹಿಂದಿನ ಕೆಲವು ಪ್ರತಿಗಳು ಬ್ಯಾಕಪ್ ಎಂಬ ಕೋಶದಲ್ಲಿ ಉಳಿದಿರುತ್ತವೆ. ರಿಸ್ಟೋರ್‌ಕಾನ್ಫಿಗ್ ಆಜ್ಞೆಯಿಂದ ಅವನ್ನು ಮರಳಿ ತರಬಹುದು. ಆದರೂ ಒಂದು ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಇಡುವುದೇ ಕ್ಷೇಮ. ಅದರಲ್ಲಿ ಗುಪ್ತಪದಗಳೂ ಇರಬಹುದಾದ್ದರಿಂದ ಕಂಡವರ ಕೈಗೆ ಅದು ಸಿಗಬಾರದು. ಇದು ಏರ್ಪಾಡಿನ ಪ್ರತಿಯೇ ಹೊರತು ದತ್ತಾಂಶದ ಪ್ರತಿಯಲ್ಲ ಎಂಬುದನ್ನೂ ಮರೆಯಬಾರದು. ಸಂಘದ ಹಳೆಯ ನಾಟಕಗಳ ಧ್ವನಿಮುದ್ರಣವನ್ನೋ ಹಿರಿಯರ ಛಾಯಾಚಿತ್ರಗಳನ್ನೋ ಇಂಥ ಸರ್ವರಿನಲ್ಲಿಟ್ಟರೆ, ಅವುಗಳ ಪ್ರತಿಯನ್ನು ಪ್ರತ್ಯೇಕವಾಗಿಯೇ ತೆಗೆದಿಡಬೇಕು.

ಕೊನೆಯದಾಗಿ ಕಿರಿಯ ಮಿತ್ರರಲ್ಲಿ ಒಂದು ವಿನಂತಿ. ಬದಲಾವಣೆ ಮಾಡಿದ ದಿನವೇ, ಬಳಕೆದಾರರಿಗೆ ಮುಂಚಿತವಾಗಿ ತಿಳಿಸಿ, ನೀವು ಎದುರಿಗಿರುವಾಗಲೇ ಯಂತ್ರವನ್ನು ಒಮ್ಮೆ ಆರಿಸಿ ಎಬ್ಬಿಸಿ ನೋಡಿ. ಇನಿಷಿಯೇಟರ್ ತಾನಾಗಿ ಡಿಸ್ಕನ್ನು ಕಂಡುಕೊಂಡಿತೇ ಎಂದು ಪರೀಕ್ಷಿಸಿ. ಈಗ ನಡೆಯುತ್ತಿದೆ ಎನ್ನುವುದು ಅರ್ಧ ಕೆಲಸ. ನಾವಿಲ್ಲದಾಗಲೂ ನಡೆಯುತ್ತದೆ ಎಂದು ಖಚಿತಪಡಿಸಿಕೊಂಡಾಗಲೇ ಅದು ಪೂರ್ಣ. ಆ ಅರ್ಧ ಗಂಟೆಯ ಶ್ರಮ, ಮುಂದೆಂದೋ ಒಂದು ರಾತ್ರಿ, ನಮಗೆ ಪರಿಚಯವೇ ಇಲ್ಲದ ಯಾರದೋ ಮನೆಯ ನಿದ್ದೆಯನ್ನು ಕಾಯುತ್ತದೆ.