ಒಬ್ಬರ ಮಾತು ನೂರು ಮನೆಗೆ



ಕಂಪ್ಯೂಟರುಗಳ ಜಾಲದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಸಂಕೋಚವೇ ಆಯಿತು. ನಾವು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಿಕೆ. ಕೊಂಢವಾದಲ್ಲಿಯೇ ಬ್ಯಾಂಕಿನ ಅಧಿಕಾರಿಗಳಿಗೆ ಪಾಠ ಹೇಳುವ ರಾಷ್ಟ್ರೀಯ ಸಂಸ್ಥೆಯೊಂದಿದೆ. ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹಾಯುವ ನಾವು ಒಳಗೆ ಕಾಲಿಟ್ಟವರಲ್ಲ. ಯಂತ್ರದ ಮರ್ಮ ಬಲ್ಲ ಎಂಜಿನಿಯರರಂತೂ ಈ ಸಭೆಯಲ್ಲಿಯೇ ಎಷ್ಟೋ ಮಂದಿ ಇದ್ದೀರಿ. ಆದರೂ ಕಳೆದ ವರ್ಷ ನಮ್ಮ ಸಂಘದಲ್ಲಿ ನಡೆದ ಒಂದು ಪ್ರಸಂಗ ಮನಸ್ಸಿನಿಂದ ಹೋಗಿಲ್ಲ. ಅದರ ನೆಪದಿಂದ ಮಾತನಾಡುತ್ತೇವೆ.

ರಾಜ್ಯೋತ್ಸವದ ಸಭೆಯನ್ನು ಕಡೆಯ ಗಳಿಗೆಯಲ್ಲಿ ಬೇರೆ ಸಭಾಗೃಹಕ್ಕೆ ಬದಲಾಯಿಸಬೇಕಾಯಿತು. ಫೋನಿನ ಗುಂಪಿನಲ್ಲಿ ಸುದ್ದಿ ಹಾಕಿ, "ಎಲ್ಲರಿಗೂ ತಿಳಿಸಿದೆವು" ಎಂದು ನಾವು ನಿಶ್ಚಿಂತರಾದೆವು. ವಿಜಾಪುರದ ಕಡೆಯ ನಿವೃತ್ತ ಮಾಸ್ತರರೊಬ್ಬರು ಕೊಂಢವಾ ಬುದ್ರುಕಿನಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ಫೋನು ಆ ವಾರ ರಿಪೇರಿಗೆ ಹೋಗಿತ್ತು. ಅಜ್ಜ ಅಜ್ಜಿ ಇಬ್ಬರೂ ರಿಕ್ಷಾ ಮಾಡಿಕೊಂಡು ಹಳೆಯ ಸ್ಥಳಕ್ಕೆ ಹೋಗಿ, ಒಂದೂವರೆ ತಾಸು ಮೆಟ್ಟಿಲ ಮೇಲೆ ಕುಳಿತು, ಮನೆಗೆ ಮರಳಿದರು. ಮರುದಿನ ತಪ್ಪೊಪ್ಪಿಕೊಳ್ಳಲು ಹೋದಾಗ ಅಜ್ಜ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ, "ನಮ್ಮನ್ನ ಲೆಕ್ಕದಾಗ ಹಿಡದಿಲ್ಲೇನೋ ಅನಿಸ್ತು ತಮ್ಮಾ" ಎಂದರು. ಬ್ಯಾಂಕಿನಲ್ಲಿ ದಿನವೂ ಲೆಕ್ಕ ಕೂಡಿಸುವ ನಮಗೆ ಆ ಮಾತು ನಾಟಿತು. ಹೇಳಿದವರಾರು ಎಂಬುದು ನಮಗೆ ಗೊತ್ತಿತ್ತು. ಕೇಳದವರಾರು ಎಂಬುದು ಗೊತ್ತಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ತಳವಾರ ಡಂಗುರ ಸಾರುತ್ತಿದ್ದುದನ್ನು ಹಿರಿಯರು ಬಲ್ಲರು. ಓಣಿಗೊಮ್ಮೆ ಕೂಗಿದರೆ ಓಣಿಯವರೆಲ್ಲ ಕೇಳಿದಂತೆ. ಆದರೆ ಹೊಲಕ್ಕೆ ಹೋದವನ ಕಿವಿಗೆ ಅದು ಬೀಳಲಿಲ್ಲವೆಂದು ತಳವಾರನಿಗೆ ತಿಳಿಯುವ ಬಗೆ ಇಲ್ಲ. ಇನ್ನೊಂದು ರೀತಿ, ಮನೆಮನೆಗೆ ಹೋಗಿ ಹೇಳಿ "ಹೂಂ" ಅನ್ನಿಸಿಕೊಂಡು ಬರುವುದು. ಇದರಲ್ಲಿ ಖಾತ್ರಿ ಉಂಟು. ಆದರೆ ಮೊದಲ ಮನೆಗೆ ಮುಂಜಾನೆ ತಿಳಿದ ಸುದ್ದಿ ಕಡೆಯ ಮನೆಗೆ ಸಂಜೆ ತಿಳಿಯುತ್ತದೆ.

ಕಂಪ್ಯೂಟರುಗಳ ಜಾಲದಲ್ಲಿಯೂ ಇವೇ ಎರಡು ದಾರಿಗಳು. ಸಾಮಾನ್ಯವಾಗಿ ನಡೆಯುವುದು ಮನೆಮನೆಯ ರೀತಿ: ಸುದ್ದಿಯನ್ನು ಸಣ್ಣ ಪೊಟ್ಟಣಗಳಾಗಿ ಒಡೆದು, ಅಂಕೆ ಹಾಕಿ ಕಳಿಸುವುದು, ಮುಟ್ಟಿತೆಂದು ಆ ಕಡೆಯಿಂದ ರಸೀತಿ ಬರುವುದು. ಸಾವಿರ ಮಂದಿಗಾದರೆ ಸಾವಿರ ಸಾರೆ ಅದೇ ಕೆಲಸ. ಡಂಗುರದ ದಾರಿಯನ್ನು ಜಾಲಕ್ಕೆ ಒಗ್ಗಿಸಿದವರಲ್ಲಿ ಮುಖ್ಯರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್. ಅವರು ಬರೆದ ಕ್ರಮ 1989 ರಲ್ಲಿ ಪ್ರಕಟವಾಯಿತು. ಕಳಿಸುವವನು ಒಂದೇ ಪ್ರತಿಯನ್ನು ಒಂದು ಗುಂಪಿನ ವಿಳಾಸಕ್ಕೆ ಕಳಿಸುತ್ತಾನೆ. ದಾರಿ ಎಲ್ಲಿ ಕವಲಾಗುವುದೋ ಅಲ್ಲಿ ಜಾಲದ ಯಂತ್ರಗಳೇ ನಕಲು ಮಾಡಿ ಮುಂದಕ್ಕೆ ಸಾಗಿಸುತ್ತವೆ. ಇದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಆದರೆ ಮುಟ್ಟಿಯೇ ಮುಟ್ಟುವುದೆಂಬ ಖಾತ್ರಿ ಇದರಲ್ಲಿಲ್ಲ.

ಈ ಭೇದ ಬರಿಯ ಎಂಜಿನಿಯರರ ಚರ್ಚೆಯಲ್ಲ. ನಮ್ಮ ನೆರೆಯ ಮುಂಬಯಿಯಲ್ಲಿ ಇದರಿಂದಲೇ ದೊಡ್ಡ ರಾದ್ಧಾಂತವಾಯಿತು. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಶೇರು ವ್ಯವಹಾರ ಶುರುವಾದದ್ದು 1994 ರಲ್ಲಿ. ದಲ್ಲಾಳಿಗಳು ಒಂದೆಡೆ ಸೇರಿ ಕೂಗಾಡುವ ಪದ್ಧತಿಯನ್ನು ಬಿಟ್ಟು, ಉಪಗ್ರಹದ ಮೂಲಕ ಊರೂರಿನ ದಲ್ಲಾಳಿಗಳ ಪರದೆಗೆ ಅದು ದರ ಮುಟ್ಟಿಸಿತು. ಮುಂದೆ 2009 ರಿಂದ, ಬಾಡಿಗೆ ಕೊಟ್ಟ ದಲ್ಲಾಳಿಗಳು ತಮ್ಮ ಕಂಪ್ಯೂಟರುಗಳನ್ನು ಎಕ್ಸ್‌ಚೇಂಜಿನ ಕಟ್ಟಡದಲ್ಲಿಯೇ ಇಡಬಹುದೆಂದಾಯಿತು. ಅಲ್ಲಿ ಪ್ರತಿಯೊಂದು ವ್ಯವಹಾರದ ಸುದ್ದಿಯನ್ನು ಮನೆಮನೆಯ ರೀತಿಯಲ್ಲಿಯೇ ಕೊಡುತ್ತಿದ್ದರು. ಬೆಳಿಗ್ಗೆ ಯಾರು ಮೊದಲು ಸಂಪರ್ಕ ಪಡೆದರೋ ಅವರಿಗೆ ಮೊದಲು, ಅವರ ಹಿಂದಿನವರಿಗೆ ಆಮೇಲೆ. ನಡುವಿನ ಅಂತರ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ಆಚೆ ಕೂತು ಕೊಳ್ಳುವ ಮಾರುವ ಯಂತ್ರಕ್ಕೆ ಅಷ್ಟೇ ಸಾಕು. ಸಾಲಿನಲ್ಲಿ ಮುಂದಿದ್ದವನಿಗೆ ದರ ಮೊದಲು ತಿಳಿಯುತ್ತದೆ ಎಂದರೆ ಸಂತೆಯಲ್ಲಿ ಒಬ್ಬನಿಗೆ ಮಾತ್ರ ತಕ್ಕಡಿ ಕಾಣುವುದು ಎಂದ ಹಾಗೆ.

2014 ರ ಏಪ್ರಿಲಿನಲ್ಲಿ ಎಕ್ಸ್‌ಚೇಂಜು ಈ ಸುದ್ದಿಗೆ ಮಲ್ಟಿಕಾಸ್ಟ್ ದಾರಿಯನ್ನು ತೆರೆಯಿತು. 2015 ರಲ್ಲಿ ಹೆಸರಿಲ್ಲದ ದೂರಿನ ಪತ್ರವೊಂದು ಪತ್ರಿಕೆಯಲ್ಲಿ ಬಯಲಾಗಿ ವಿಚಾರಣೆಗೆ ದಾರಿಯಾಯಿತು. 2019 ರ ಏಪ್ರಿಲ್ 30 ರಂದು ಸೆಬಿಯು ಎಕ್ಸ್‌ಚೇಂಜಿನಿಂದ 624.89 ಕೋಟಿ ರೂಪಾಯಿಗಳನ್ನು ಬಡ್ಡಿಸಹಿತ ವಸೂಲು ಮಾಡಲು ಆಜ್ಞೆ ಮಾಡಿತು. 2023 ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ವಸೂಲಿಯನ್ನು ರದ್ದುಮಾಡಿ, ತಕ್ಕ ಎಚ್ಚರ ವಹಿಸದಿದ್ದುದಕ್ಕಾಗಿ 100 ಕೋಟಿ ಕೊಡಬೇಕೆಂದಿತು. ಒಳಸಂಚಿನ ಆರೋಪಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು 2024 ರಲ್ಲಿ ಸೆಬಿಯೇ ಹೇಳಿತು. ಹೀಗೆ ಕಾನೂನಿನ ಲೆಕ್ಕ ಎಲ್ಲೆಲ್ಲಿಯೋ ಸುತ್ತಿತು. ನಮಗೆ ಮುಖ್ಯವೆನಿಸಿದ್ದು ಒಂದೇ: ಮೋಸದ ಮನಸ್ಸು ಇರಲಿ ಬಿಡಲಿ, ಹಂಚುವ ಕ್ರಮದಲ್ಲಿಯೇ ಹೆಚ್ಚುಕಡಿಮೆ ಕೂತುಬಿಡಬಹುದು.

ಇನ್ನು ಡಂಗುರ ಕೇಳದವನ ಪಾಡೇನು? ಇದಕ್ಕೆ ಉತ್ತರ ನಮ್ಮ ಬ್ಯಾಂಕುಗಳಲ್ಲಿ ಬಹುಕಾಲದಿಂದ ಉಂಟು. ಪ್ರಧಾನ ಕಚೇರಿಯ ಸುತ್ತೋಲೆಗಳಿಗೆ ಸಾಲು ಅಂಕೆ ಇರುತ್ತದೆ. 45 ರ ಬೆನ್ನಿಗೆ 47 ಬಂದರೆ ಫೈಲು ಹಚ್ಚುವ ಗುಮಾಸ್ತನೇ, "46 ಬಂದಿಲ್ಲ, ಕಳಿಸಿರಿ" ಎಂದು ಬರೆಯುತ್ತಾನೆ. ಮುಟ್ಟಿದವರು ಸುಮ್ಮನಿರುತ್ತಾರೆ, ಮುಟ್ಟದವರು ಕೇಳುತ್ತಾರೆ. ಹೀಗಾಗಿ ಪ್ರಧಾನ ಕಚೇರಿ ಸಾವಿರಾರು ರಸೀತಿಗಳ ರಾಶಿಯಲ್ಲಿ ಮುಳುಗುವುದಿಲ್ಲ. ಜಾಲದವರು ಇದೇ ಉಪಾಯವನ್ನು ಹಿಡಿದರು.

ಅಲ್ಲಿಯೂ ಒಂದು ತೊಡಕು. ಅಂಚೆಯ ಚೀಲವೇ ಕಳೆದುಹೋದರೆ ಸಾವಿರ ಶಾಖೆಗಳೂ ಒಟ್ಟಿಗೆ "ಕಳಿಸಿರಿ" ಎಂದು ಬರೆದಾವು. 1995 ರಲ್ಲಿ ಸ್ಯಾಲಿ ಫ್ಲಾಯ್ಡ್, ವ್ಯಾನ್ ಜೇಕಬ್ಸನ್ ಮೊದಲಾದವರು ಇದಕ್ಕೊಂದು ಸೊಗಸಾದ ಪರಿಹಾರವನ್ನು ಪ್ರಕಟಿಸಿದರು. ಮುಟ್ಟದವನು ತಕ್ಷಣ ಕೇಳದೆ, ಅವರವರ ಪಾಲಿಗೆ ಬಂದಷ್ಟು ಹೊತ್ತು ಕಾಯಬೇಕು. ಅಷ್ಟರಲ್ಲಿ ಬೇರೊಬ್ಬನು ಅದನ್ನೇ ಕೇಳಿದ್ದು ಕಿವಿಗೆ ಬಿದ್ದರೆ ತಾನು ಸುಮ್ಮನಾಗಬೇಕು. ಉತ್ತರವನ್ನು ಕಳಿಸಿದವನೇ ಕೊಡಬೇಕೆಂದಿಲ್ಲ. ಮುಟ್ಟಿದ ಯಾರಾದರೂ ಕೊಡಬಹುದು. ಪಂಗತಿಯಲ್ಲಿ ಒಬ್ಬರು "ಸಾರು" ಎಂದರೆ ಸಾಲಿಗೆಲ್ಲ ಸಾರು ಬರುವುದಿಲ್ಲವೆ?

ನಮ್ಮ ಗುಮಾಸ್ತ ಬುದ್ಧಿಗೆ ಬಹಳ ಹಿಡಿಸಿದ ಇನ್ನೊಂದು ಯುಕ್ತಿ ಉಂಟು. 120, 75, 310 ಎಂಬ ಮೂರು ಅಂಕೆಗಳನ್ನು ಕಳಿಸುವಾಗ ಜೊತೆಗೆ ಅವುಗಳ ಮೊತ್ತ 505 ನ್ನೂ ಕಳಿಸುವುದು. ಒಬ್ಬನಿಗೆ 75 ಮುಟ್ಟಲಿಲ್ಲ, ಕಳೆದು ತೆಗೆದುಕೊಂಡ. ಇನ್ನೊಬ್ಬನಿಗೆ 310 ಮುಟ್ಟಲಿಲ್ಲ, ಅವನೂ ಕಳೆದು ತೆಗೆದುಕೊಂಡ. ಒಬ್ಬೊಬ್ಬರು ಕಳಕೊಂಡದ್ದು ಬೇರೆ ಬೇರೆ. ತುಂಬಿಕೊಟ್ಟ ಮೊತ್ತ ಒಂದೇ. ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಎರಡು ಅಂಕೆ ಕಳೆದರೆ ಈ ಒಂದು ಮೊತ್ತ ಸಾಲದು. ಹೆಚ್ಚು ಕಳೆದರೂ ತುಂಬಿಕೊಳ್ಳುವ ಗಣಿತವನ್ನು 1960 ರಲ್ಲಿಯೇ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಕೊಟ್ಟಿದ್ದಾರೆ. ಅದನ್ನು ವಿವರಿಸುವ ಶಕ್ತಿ ನಮಗಿಲ್ಲ; ಎಂಜಿನಿಯರ ಬಂಧುಗಳು ಚಹದ ವೇಳೆಯಲ್ಲಿ ಹೇಳಿಯಾರು.

ಸಾಲು ಅಂಕೆಯ ಉಪಾಯದಲ್ಲಿಯೂ ಒಂದು ಕುಂದು ಇದೆ. ನಡುವಿನ ಪತ್ರ ಕಳೆದರೆ ಮುಂದಿನದು ಬಂದಾಗ ತಿಳಿಯುತ್ತದೆ. ಕಡೆಯ ಪತ್ರವೇ ಕಳೆದರೆ? ಅದರ ಮುಂದೆ ಅಂಕೆಯೇ ಇಲ್ಲ. ಅಜ್ಜನವರಿಗೆ ಮುಟ್ಟದೆ ಹೋದದ್ದು ಸರಿಯಾಗಿ ಅಂಥ ಕಡೆಯ ಪತ್ರ. ಆದುದರಿಂದ ಜಾಲದಲ್ಲಿ ಹೇಳುವ ಸುದ್ದಿ ಇಲ್ಲದಾಗಲೂ, "ಇಲ್ಲಿಯವರೆಗೆ ಇಷ್ಟು ಕಳಿಸಿದ್ದೇವೆ" ಎಂದು ನಡುನಡುವೆ ಸಾರುತ್ತಿರುತ್ತಾರೆ.

ಈ ವರ್ಷ ನಮ್ಮ ಸಂಘವೂ ಹೀಗೆಯೇ ಮಾಡಿತು. ಪತ್ರಗಳಿಗೆಲ್ಲ ಅಂಕೆ ಹಾಕಿದೆವು. ಪ್ರತಿ ಸೊಸಾಯಿಟಿಯಲ್ಲಿ ಒಂದು ಮನೆಯವರು ಪ್ರತಿಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಕೊಡಲು ಒಪ್ಪಿದರು. ಕಳೆದ ರವಿವಾರ, "ಇಲ್ಲಿಯವರೆಗೆ ನಾಲ್ಕು ಪತ್ರಗಳು ಹೊರಟಿವೆ" ಎಂದು ಗುಂಪಿನಲ್ಲಿಯೂ ಸಾರಿ, ಫೋನಿಲ್ಲದವರ ಮನೆಗೆ ಚೀಟಿಯನ್ನೂ ಕಳಿಸಿದೆವು. ಅದೇ ಸಂಜೆ ಅಜ್ಜನವರು ಫೋನು ಮಾಡಿ, ಮೂರನೆಯ ಪತ್ರ ತಮಗೆ ಬಂದಿಲ್ಲವೆಂದರು. ನಾವು ಗಾಬರಿಯಾಗಿ ಹುಡುಕಿದರೆ, ಅದು ಯಾರ ಮನೆಗೂ ಹೋಗಿರಲಿಲ್ಲ. ಎರಡರ ನಂತರ ನಾಲ್ಕೆಂದು ಬರೆದವರು ನಾವೇ. ನೂರು ಮನೆಗಳಲ್ಲಿ ಅದನ್ನು ಹಿಡಿದವರು ಮಾಸ್ತರರೊಬ್ಬರೇ.